ಎರಡು ಹಸಿರುಗಳ ನಡುವೆ ಒಂದು ಕರವಸ್ತ್ರ

ಬೆಳಿಗ್ಗೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ ಬಿಳಿ ಕರವಸ್ತ್ರ ಸಂಜೆ ಹೊರಬರುವ ಹೊತ್ತಿಗೆ ಯಾವ ಬಣ್ಣಕ್ಕೆ ತಿರುಗಿರುತ್ತದೆ ಎಂಬುದನ್ನು ನೀವು ಎಂದಾದರೂ ಗಮನಿಸಿದ್ದೀರಾ? ಗಮನಿಸಿರಲಾರಿರಿ. ಸಭ್ಯರಾದವರು ಮುಖ ಒರೆಸಿದ ಮೇಲೆ ಕರವಸ್ತ್ರದ ಕಡೆ ನೋಡದೆಯೇ ಅದನ್ನು ಮಡಿಸಿಬಿಡುತ್ತಾರೆ. ನಾನು ಅಷ್ಟು ಸಭ್ಯನಲ್ಲ. ದೊಡ್ಡಬಳ್ಳಾಪುರದ ಪೇಟೆಯಿಂದ ನಮ್ಮ ಮಗ್ಗದ ಬೀದಿಗೆ ಸ್ಕೂಟರಿನಲ್ಲಿ ಬಂದು, ಮನೆಯ ಮುಂದೆ ನಿಂತು, ಮುಖವನ್ನೊಮ್ಮೆ ಗಟ್ಟಿಯಾಗಿ ಒರೆಸಿ, ಆ ಬಟ್ಟೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನೋಡುವುದು ನನ್ನ ನಿತ್ಯಕರ್ಮ. ಅದರಲ್ಲಿ ನನ್ನ ಮುಖದ ಅಚ್ಚು ಬಿದ್ದಿರುತ್ತದೆ: ಮೇಲೆ ಹಣೆಯ ಒಂದು ಪಟ್ಟೆ, ಎರಡು ಬದಿಗೆ ಕೆನ್ನೆಯ ಮಸುಕು, ನಡುವೆ ಮೂಗಿನ ಹೊಳ್ಳೆಗಳ ಎರಡು ಚುಕ್ಕೆ. ಆಧಾರ್ ಕಾರ್ಡಿನ ಚಿತ್ರಕ್ಕಿಂತ ಇದರಲ್ಲೇ ನಾನು ಹೆಚ್ಚು ನನ್ನಂತೆ ಕಾಣುತ್ತೇನೆ ಎಂಬುದು ನಮ್ಮಮ್ಮನ ಅಭಿಪ್ರಾಯ.

ಅದನ್ನು ನಾನು ಬಹಳ ಕಾಲ ಕಪ್ಪು ಎಂದೇ ಕರೆಯುತ್ತಿದ್ದೆ. ಒಂದು ಸಂಜೆ ಎದುರುಮನೆಯ ಮುನಿಕೃಷ್ಣಪ್ಪ ಮಾವ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ಬಿಸಿಲಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, ನನ್ನ ಅಜ್ಞಾನಕ್ಕೆ ಮರುಗಿದರು.

"ಕಪ್ಪಂತೆ ಕಪ್ಪು! ಲೇ ಹರೀಸ, ಕಪ್ಪು ಅಂದ್ರೆ ಏನು ಅಂತ ಗೊತ್ತೇನ್ಲಾ ನಿಂಗೆ? ಇದು ಬೂದುಗಪ್ಪು. ಬಿಳೀ ಲಡಿಗೆ ನಾಕು ಮುಳುಗು ಹಾಕಿದ್ರೆ ಬರೋ ಬಣ್ಣ. ಮಕ್ಳಿಗೆ ಪಾಠ ಹೇಳ್ತಾನಂತೆ, ಮೇಷ್ಟ್ರು!"

ಮಾವ ರೇಷ್ಮೆಗೆ ಬಣ್ಣ ಹಾಕುವವರು. ನೂಲಿನ ಲಡಿಗಳನ್ನು ಬಿಸಿ ತೊಟ್ಟಿಯಲ್ಲಿ ಮುಳುಗಿಸಿ ತೆಗೆದು, ಹಿತ್ತಲಿನ ಬಿದಿರು ಗಳಗಳ ಮೇಲೆ ಒಣಹಾಕುವುದು ಅವರ ನಲವತ್ತು ವರ್ಷದ ಕಸುಬು. ಒಂದೊಂದು ಮುಳುಗಿಗೂ ಬಣ್ಣ ಗಾಢವಾಗುತ್ತ ಒಂದೊಂದು ಮೆಟ್ಟಿಲು ಇಳಿಯುತ್ತದೆ. ನಮಗೆ ನಿಮಗೆ ಕಾಣುವ ಒಂದು ಹಸಿರಿನಲ್ಲಿ ಅವರಿಗೆ ಗಿಳಿಹಸಿರು, ಬಾಳೆಸುಳಿ ಹಸಿರು, ಪಾಚಿಹಸಿರು, ಮಾವಿನಕಾಯಿ ಹಸಿರುಗಳೆಂಬ ಒಂದು ದೊಡ್ಡ ಅವಿಭಕ್ತ ಕುಟುಂಬವೇ ಕಾಣುತ್ತದೆ. ಆ ಕುಟುಂಬದಲ್ಲಿ ಯಾರಿಗೆ ಯಾರನ್ನು ಕಂಡರೆ ಆಗದು ಎಂಬುದೂ ಅವರಿಗೆ ಗೊತ್ತು. ಈ ಕಣ್ಣನ್ನು ನಂಬಿ ನಾವು ಒಮ್ಮೆ ಎಂಥ ಹಳ್ಳಕ್ಕೆ ಬಿದ್ದೆವು, ಯಾರು ಯಾರು ಕೈಕೊಟ್ಟು ಎತ್ತಿದರು ಎಂಬುದನ್ನು ಹೇಳಲೆಂದೇ ನಿಮ್ಮನ್ನು ಹೀಗೆ ಬೀದಿಯಲ್ಲಿ ನಿಲ್ಲಿಸಿಕೊಂಡಿದ್ದೇನೆ.

ಮೊದಲು ನನ್ನ ಪರಿಚಯ. ನಾನು ಬೀದಿಯ ಕೊನೆಯಲ್ಲಿರುವ ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕ. ಇದು ಹೊಟ್ಟೆಪಾಡಿನ ವೃತ್ತಿ. ಪ್ರವೃತ್ತಿಯಿಂದ ನಾನು ಅನುಕರಣ ಕಲಾವಿದ, ಊರಿನವರ ಬಾಯಲ್ಲಿ ಮಿಮಿಕ್ರಿ ಹರೀಶ. ಯಾರ ದನಿಯನ್ನಾದರೂ ಎರಡು ದಿನ ಕೇಳಿದರೆ ಮೂರನೆಯ ದಿನ ಅದು ನನ್ನ ಗಂಟಲಿನಲ್ಲಿ ಬಾಡಿಗೆಗೆ ಬಂದು ಕೂರುತ್ತದೆ, ಖಾಲಿ ಮಾಡು ಎಂದರೂ ಏಳುವುದಿಲ್ಲ. ಮುಂಜಾನೆ ಬೀದಿಗೆ ಬರುವ ಕಸದ ಗಾಡಿಯಲ್ಲಿ "ಅಮ್ಮಾ, ಹಸಿ ಕಸ ಬೇರೆ, ಒಣ ಕಸ ಬೇರೆ" ಎಂದು ವಿನಯದಿಂದ ಬೇಡಿಕೊಳ್ಳುವ ಧ್ವನಿಮುದ್ರಿಕೆ ನನ್ನದೇ. ಹಾಗಾಗಿ ತರಗತಿಯಲ್ಲಿ ನಾನು ಎಷ್ಟೇ ಗಂಭೀರವಾಗಿ ಹಳಗನ್ನಡ ಪದ್ಯ ಓದಿದರೂ, ಹಿಂದಿನ ಬೆಂಚಿನಲ್ಲಿ ಯಾರೋ ಒಬ್ಬರು ಬಕೆಟ್ ಹಿಡಿದು ಏಳುವ ಅಭಿನಯ ಮಾಡುತ್ತಾರೆ. ನಾನು ಬೈಯುವುದಿಲ್ಲ. ಅಣಕಿಸುವವನಿಗೆ ಅಣಕಿಸಿಕೊಳ್ಳುವ ಬಾಧ್ಯತೆಯೂ ಇರುತ್ತದಷ್ಟೆ.

ಮನುಷ್ಯರಿಗಿಂತ ಸುಲಭವಾಗಿ ನನಗೆ ಒಲಿದದ್ದು ವಾಹನಗಳು. ದಾಬಸ್‌ಪೇಟೆಯ ಕಡೆಯಿಂದ ಕೈಗಾರಿಕಾ ಸರಕು ಹೊತ್ತು ದೇವನಹಳ್ಳಿಗೋ ಹೊಸಕೋಟೆಗೋ ಹೋಗುವ ಲಾರಿಗಳು ದೊಡ್ಡ ರಸ್ತೆ ತುಂಬಿದಾಗಲೆಲ್ಲ ನಮ್ಮ ಬೀದಿಯನ್ನೇ ಅಡ್ಡದಾರಿ ಮಾಡಿಕೊಂಡಿದ್ದವು. ಹತ್ತು ಗಾಲಿಯ ಲಾರಿ ಮೂಲವ್ಯಾಧಿಯ ಮುದುಕರಂತೆ ಉಶ್ಶಪ್ಪಾ ಎಂದು ನಿಲ್ಲುತ್ತದೆ. ಜಲ್ಲಿ ಟಿಪ್ಪರು ಹೊಸ ಸೊಸೆಯ ಮೇಲಿನ ಸಿಟ್ಟಿಗೆ ಪಾತ್ರೆ ಕುಕ್ಕುವ ಅತ್ತೆಯಂತೆ ಬರುತ್ತದೆ. ನೀರಿನ ಟ್ಯಾಂಕರು ಬೆಳಿಗ್ಗೆ ಬಾಯಿ ಮುಕ್ಕಳಿಸುವವನ ಹಾಗೆ. ಇವನ್ನೆಲ್ಲ ನಾನು ಮದುವೆ ಆರತಕ್ಷತೆಗಳಲ್ಲಿ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಒಂದನ್ನು ಮಾತ್ರ ಎಂದೂ ಅಣಕಿಸಲಾಗಲಿಲ್ಲ: ಆ ಲಾರಿಗಳು ಹೋದ ಮೇಲೆ ಬೀದಿಯಲ್ಲಿ ಉಳಿಯುವುದನ್ನು. ಅದಕ್ಕೆ ದನಿಯಿಲ್ಲ. ಅಮ್ಮ ತುಳಸಿಯ ಎಲೆಗಳನ್ನು ಮಗುವಿನ ಕಿವಿ ಒರೆಸುವಂತೆ ಒದ್ದೆಬಟ್ಟೆಯಿಂದ ಒಂದೊಂದಾಗಿ ಒರೆಸುತ್ತಿದ್ದರು. ಪಕ್ಕದ ಮನೆಯ ರತ್ನಮ್ಮ ಮಗ್ಗ ನಿಲ್ಲಿಸಿದಾಗ ಮಾತ್ರ ಅವರ ಕೆಮ್ಮು ನಮಗೆ ಕೇಳುತ್ತಿತ್ತು. ಮಗ್ಗ ನಡೆಯುವಾಗಲೂ ಅವರು ಕೆಮ್ಮುತ್ತಿದ್ದರು ಎಂಬುದು ಹೊಳೆಯಲು ನನ್ನಂಥ ಸೂಕ್ಷ್ಮಮತಿಗೆ ಎರಡು ವರ್ಷ ಹಿಡಿಯಿತು. ಮುನಿಕೃಷ್ಣಪ್ಪ ಮಾವ ಬಿಳಿ ಲಡಿಗಳನ್ನು ಬಯಲಲ್ಲಿ ಒಣಹಾಕುವುದನ್ನೇ ಬಿಟ್ಟು, ಹಿತ್ತಲಿನ ಮೂರು ಹೊಂಗೆ ಮರಗಳ ಹಿಂದೆ ಬಚ್ಚಿಡುವವರಂತೆ ಒಣಹಾಕತೊಡಗಿದ್ದರು.

ಹೀಗಿರುವಾಗ ಊರಿನ ಮುಂದಿನ ಅನೇಕ ವರ್ಷಗಳಿಗೆಂದು ಒಂದು ಮಹಾಯೋಜನೆಯ ಕರಡು ಪ್ರಕಟವಾಯಿತು. ಎಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಲ್ಲಿ ರಸ್ತೆ, ಎಲ್ಲಿ ಕೆರೆಯನ್ನು ಕೆರೆಯಾಗಿಯೇ ಬಿಡುವುದು ಎಂಬುದನ್ನೆಲ್ಲ ಬಣ್ಣಗಳಲ್ಲಿ ತೋರಿಸುವ ನಕ್ಷೆ, ಜೊತೆಗೆ ಇಟ್ಟಿಗೆ ಗಾತ್ರದ ಒಂದು ವರದಿ. ಸಾರ್ವಜನಿಕರು ನೋಡಿ ಆಕ್ಷೇಪಣೆ, ಸಲಹೆ ಸಲ್ಲಿಸಬಹುದು ಎಂಬ ಸೂಚನೆ. ನಮ್ಮ ಬೀದಿಯ ಹಿಂದಿನ ಬೀಳು ಭೂಮಿಯ ಆಚೆ ಲಾರಿಗಳಿಗೆಂದೇ ಒಂದು ಹೊಸ ರಸ್ತೆ ಬರುತ್ತದಂತೆ ಎಂಬ ಸುದ್ದಿ ಹಬ್ಬಿತು. ಬೀದಿಯ ಏಕೈಕ ಕನ್ನಡ ಎಂ.ಎ. ಪದವೀಧರನಾದ ನನ್ನನ್ನು ನಕ್ಷೆ ತರಲು ಕಳಿಸಿದರು. ನಕ್ಷೆ ಓದುವುದಕ್ಕೂ ಕನ್ನಡ ಎಂ.ಎ.ಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಡತವನ್ನು ಫೋನಿಗೆ ಇಳಿಸಿಕೊಂಡು, ನನ್ನ ಬಾಲ್ಯದ ಗೆಳೆಯ ನಯಾಜನ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ಮುದ್ರಿಸಿಕೊಂಡೆ. ನಕ್ಷೆ ಬಂತು. ಆದರೆ ಯಾವ ಬಣ್ಣಕ್ಕೆ ಏನರ್ಥ ಎಂಬ ವಿವರದ ಪಟ್ಟಿ ಬೇರೊಂದು ಹಾಳೆಯಲ್ಲಿತ್ತು. ಅಷ್ಟರಲ್ಲಿ ಅವನ ಯಂತ್ರ ಮುನಿಸಿಕೊಂಡಿತು. "ಗುರು, ಇವತ್ತು ಆಗಲ್ಲ. ಬಣ್ಣ ಖಾಲಿ. ಹೊಸ ಡಬ್ಬಿ ಹಾಕಿ ನಾಳೆ ಕೊಡ್ತೀನಿ," ಎಂದ. ಮರುದಿನ ಕೊಟ್ಟ. ನಾನು ಎರಡು ಹಾಳೆಗಳನ್ನೂ ಸುರುಳಿ ಸುತ್ತಿ, ದಿಗ್ವಿಜಯ ಮುಗಿಸಿ ಬಂದ ದಳಪತಿಯಂತೆ ಬೀದಿಗೆ ತಂದೆ. ನಮ್ಮ ಅನರ್ಥಪರಂಪರೆಯ ಬೀಜ ಈ ಎರಡು ದಿನಗಳ ನಡುವಿನ ಹೊಸ ಡಬ್ಬಿಯಲ್ಲಿತ್ತು ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಮಾವನ ಹಿತ್ತಲಲ್ಲಿ ಹಾಳೆಗಳನ್ನು ಹರಡಿದೆವು. ಹತ್ತು ಮನೆಯವರು ಬಗ್ಗಿ ನಿಂತರು. ಹೊಸ ಲಾರಿ ರಸ್ತೆ ಅಲ್ಲೇ ಇತ್ತು, ಬೂದು ಬಣ್ಣದಲ್ಲಿ. ಅದಕ್ಕೂ ನಮ್ಮ ಬೀದಿಗೂ ಶಾಲೆಗೂ ನಡುವೆ ಉದ್ದಕ್ಕೆ ಒಂದು ಹಸಿರು ಪಟ್ಟಿ. ವಿವರದ ಹಾಳೆಯಲ್ಲಿ ಹಸಿರಿನ ಚೌಕದ ಮುಂದೆ "ಉದ್ಯಾನ ಮತ್ತು ಮರಗಳ ಪಟ್ಟಿ" ಎಂದಿತ್ತು. ಬೇರೆ ಯಾವ ಬೀದಿಯವರಾಗಿದ್ದರೂ ಇಲ್ಲಿಗೆ ಸಮಾಧಾನ ಪಟ್ಟು ಕಾಫಿ ಕುಡಿಯಲು ಹೋಗುತ್ತಿದ್ದರು. ಆದರೆ ನಮ್ಮದು ಬಣ್ಣ ಬಲ್ಲವರ ಬೀದಿ. ಮಾವ ವಿವರದ ಹಾಳೆಯನ್ನು ನಕ್ಷೆಯ ಪಕ್ಕಕ್ಕೆ ತಂದು, ಕಣ್ಣು ಕಿರಿದು ಮಾಡಿ, ತಲೆಯನ್ನು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ವಾಲಿಸಿದರು.

"ಇವೆರಡೂ ಒಂದೇ ಹಸಿರಲ್ಲ."

ಎಲ್ಲರೂ ಬಗ್ಗಿದರು.

"ಈ ಚೌಕದ್ದು ಗಿಳಿಹಸಿರು. ನಮ್ಮ ಹಿತ್ಲಿನ ಹಿಂದೆ ಬಳಿದವ್ರಲ್ಲ, ಇದು ಪಾಚಿಹಸಿರು. ಇದ್ರೊಳಗೆ ಬೂದು ಐತೆ ಕಣ್ರಪ್ಪಾ. ಹಸಿರಿಗೆ ಬೂದು ಬೆರೆಸವ್ರೆ."

"ಯಾಕೆ ಬೆರೆಸ್ತಾರಣ್ಣ?" ಎಂದರು ರತ್ನಮ್ಮ.

"ಬೂದು ಅಂದ್ರೆ ಏನು ಬರ್ದವ್ರೆ? ರಸ್ತೆ, ಲಾರಿ ನಿಲ್ದಾಣ. ಹಸಿರಿಗೆ ಅದನ್ನ ಸೇರಿಸವ್ರೆ ಅಂದ್ರೆ, ಇವತ್ತು ಪಾರ್ಕು ಅಂತಾರೆ, ನಾಳೆ ಲಾರಿ ತಂದು ನಿಲ್ಲುಸ್ತಾರೆ. ಸುಮ್‌ಸುಮ್ನೆ ಯಾರಾದ್ರೂ ಬಣ್ಣ ಬೆರುಸ್ತಾರೇನಮ್ಮ?"

ಬಣ್ಣ ಹಾಕುವವರ ಲೋಕದಲ್ಲಿ ಯಾರೂ ಕಾರಣವಿಲ್ಲದೆ ಬಣ್ಣ ಬೆರೆಸುವುದಿಲ್ಲ. ಒಂದು ತೊಟ್ಟು ಹೆಚ್ಚು ಬಿದ್ದರೂ ಅದು ಉದ್ದೇಶಪೂರ್ವಕವೇ. ಹಳೆಯ ಸೀರೆಯಂಚಿನ ಬಣ್ಣವನ್ನು ನೋಡಿಯೇ ಇದು ಯಾರ ತೊಟ್ಟಿಯದು ಎಂದು ಹೇಳಬಲ್ಲ ಮಾವನ ಕಣ್ಣನ್ನು ಶಂಕಿಸುವುದೆಂದರೆ ನಮ್ಮ ಬೀದಿಯಲ್ಲಿ ಸೂರ್ಯನ ದಿಕ್ಕನ್ನು ಶಂಕಿಸಿದಂತೆ. ಇಟ್ಟಿಗೆ ಗಾತ್ರದ ವರದಿಯನ್ನು ತೆರೆದು ಆ ಪಟ್ಟಿಯ ಬಗ್ಗೆ ಏನು ಬರೆದಿದೆ ಎಂದು ಓದಬಹುದಿತ್ತು, ನಿಜ. ಓದಬೇಕಾದವನು ನಾನು. "ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯಬೇಡ್ರೋ" ಎಂದು ಪ್ರತಿ ಪರೀಕ್ಷೆಗೂ ಮುನ್ನ ಮಕ್ಕಳೆದುರು ಗಂಟಲು ಹರಿದುಕೊಳ್ಳುವ ನಾನು, ಅಂದು ಪ್ರಶ್ನೆಯ ಪುಟವನ್ನೇ ತೆರೆಯದೆ ಪೆನ್ನಿನ ಮುಚ್ಚಳ ತೆಗೆದೆ.

ಮುಚ್ಚಳ ತೆಗೆದ ಮೇಲೆ ನನ್ನೊಳಗಿನ ಅನುಕರಣ ಕಲಾವಿದ ಸುಮ್ಮನಿರುತ್ತಾನೆಯೇ? ಎಲ್ಲ ಮನೆಗೂ ಒಂದೇ ಒಕ್ಕಣೆ ಬರೆದು ನಕಲು ತೆಗೆಸುವುದು ವಾಡಿಕೆ. ನನಗೆ ಅದು ಕಲೆಗೆ ಬಗೆದ ದ್ರೋಹವೆನಿಸಿತು. ಹತ್ತು ಮನೆಗಳ ಪರವಾಗಿ ಹತ್ತು, ಶಾಲೆಯ ಪರವಾಗಿ ನನ್ನದೊಂದು, ಹೀಗೆ ಹನ್ನೊಂದು ಅರ್ಜಿಗಳನ್ನು ಆಯಾ ಜನರ ದನಿಯಲ್ಲೇ ಬರೆದೆ. ಮಾವನ ಅರ್ಜಿ "ಬಿಳಿ ಲಡಿ ಒಣಹಾಕಿದರೆ ಸಂಜೆಗೆ ಅದು ಬೇರೆಯವರ ಲಡಿ ಆಗಿರ್ತದೆ ಸ್ವಾಮಿ" ಎಂದು ಗದರುತ್ತಿತ್ತು. ರತ್ನಮ್ಮನ ಅರ್ಜಿ ಎರಡು ಸಾಲಿಗೊಮ್ಮೆ ಕೆಮ್ಮಿ ನಿಂತು ಮುಂದುವರಿಯುತ್ತಿತ್ತು. ಅಮ್ಮನ ಅರ್ಜಿ ತುಳಸಿಯಿಂದ ಆರಂಭವಾಗಿ, ನನ್ನ ಸ್ಕೂಟರಿನ ಹೊಗೆಯ ಬಗ್ಗೆಯೂ ಒಂದು ದೂರು ಸೇರಿಸಿ ಮುಗಿಯುತ್ತಿತ್ತು. ಅಮ್ಮನ ದನಿಯಲ್ಲಿ ಬರೆಯಹೊರಟರೆ ಅದನ್ನು ಬಿಡಲು ಬರುವುದಿಲ್ಲ. ನನ್ನ ಸ್ವಂತ ಅರ್ಜಿಯಲ್ಲಿ, ಶಾಲೆಯ ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ನಿದ್ದೆ ಎಂಬ ಶೈಕ್ಷಣಿಕ ಸಂದಿಗ್ಧವನ್ನು ಸಮಾಸಭೂಯಿಷ್ಠ ಶೈಲಿಯಲ್ಲಿ ಮಂಡಿಸಿದೆ. ಎಲ್ಲದರ ಕೊನೆಯ ಸಾಲು ಮಾತ್ರ ಒಂದೇ: "ಆದ್ದರಿಂದ ನಕ್ಷೆಯಲ್ಲಿ ತೋರಿಸಿರುವ ಸದರಿ ಹಸಿರು ಪಟ್ಟಿಯನ್ನು ಕೈಬಿಡಬೇಕಾಗಿ ಕೋರುತ್ತೇವೆ."

ಓದಿ ಹೇಳಿದಾಗ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಸಹಿ ಹಾಕಿತು. ನಾನು ಹೋಗಿ ಯೋಜನಾ ಕಚೇರಿಯಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದೆ. ಅಷ್ಟು ಶ್ರದ್ಧೆಯಿಂದ, ಅಷ್ಟು ಸೊಗಸಿನಿಂದ, ನಮ್ಮ ಕತ್ತಿನ ಸುತ್ತಲಿನ ಹಗ್ಗವನ್ನು ನಾವೇ ಹೊಸೆದುಕೊಂಡಿದ್ದೆವು.

ಕೆಲವು ವಾರಗಳ ಬಳಿಕ ವಿಚಾರಣೆಗೆ ಕರೆ ಬಂತು. ಹನ್ನೊಂದೂ ಜನ ಒಗೆದ ಬಟ್ಟೆ ಉಟ್ಟು ಹೊರಟೆವು. ಮಾವ ನಯಾಜನ ಅಂಗಡಿಯ ಎರಡು ಹಾಳೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ದಾರಿಯುದ್ದಕ್ಕೂ ನಾನು ಸರ್ಕಾರಿ ಅಧಿಕಾರಿಯೊಬ್ಬರು ತಲೆಯೆತ್ತದೆ "ಹ್ಞೂಂ, ಮುಂದೆ" ಎನ್ನುವುದನ್ನು ಅನುಕರಿಸಿ ಎಲ್ಲರನ್ನೂ ನಗಿಸಿದೆ. ಒಳಗೆ ಹೋದರೆ, ಮೇಜಿನ ಹಿಂದೆ ನಲವತ್ತರ ಆಸುಪಾಸಿನ ಒಬ್ಬ ಅಧಿಕಾರಿಣಿ, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ನಮ್ಮ ಅರ್ಜಿಗಳನ್ನು ಇಸ್ಪೀಟಿನೆಲೆಗಳಂತೆ ಹರಡಿಕೊಂಡು ಕೂತಿದ್ದರು. ತಲೆಯೆತ್ತಿ ಒಬ್ಬೊಬ್ಬರನ್ನೇ ನೋಡಿದರು. ನನ್ನ ಅನುಕರಣೆ ಅಲ್ಲಿಗೇ ಸೋತಿತು.

"ಹನ್ನೊಂದು ಜನ, ಹನ್ನೊಂದು ದನಿ, ಒಂದೇ ಕೈಬರಹ. ಯಾರು ಬರೆದಿದ್ದು?"

ಹತ್ತು ಬೆರಳುಗಳು ನನ್ನ ಕಡೆ ತಿರುಗಿದವು. ಮಾವನದು ಎಲ್ಲಕ್ಕಿಂತ ಮೊದಲು.

"ಚೆನ್ನಾಗಿ ಬರೆದಿದ್ದೀರಿ. ಸಾಮಾನ್ಯವಾಗಿ ನಮಗೆ ಒಂದೇ ಕಾಗದದ ನಕಲುಗಳು ಬರುತ್ತವೆ, ಒಂದು ಓದಿದ್ರೆ ಎಲ್ಲಾ ಓದಿದ ಹಾಗೆ. ಇವನ್ನ ಬಿಡಕ್ಕಾಗ್ದೆ ಎಲ್ಲಾ ಓದ್ದೆ. ರತ್ನಮ್ಮ ಅಂದ್ರೆ ಯಾರು?"

ರತ್ನಮ್ಮ ಎದ್ದು ನಿಂತು, ಸಾಕ್ಷಿಯೆಂಬಂತೆ ಕೆಮ್ಮಿದರು.

"ಕೂತ್ಕೊಳ್ಳಿ ಅಮ್ಮ. ನನಗೆ ಅರ್ಥ ಆಗದೆ ಇರೋದು ಒಂದೇ. ಧೂಳು ಬೇಡ, ಹೊಗೆ ಬೇಡ ಅಂತ ಒಂದೊಂದು ಪುಟ ಬರೆದಿದ್ದೀರಿ. ಕೊನೇ ಸಾಲಲ್ಲಿ ಬಂದು, ಆ ಧೂಳು ಹೊಗೆ ತಡೆಯೋಕೆ ಅಂತ ಬಿಟ್ಟಿರೋ ಮರದ ಪಟ್ಟೀನೇ ತೆಗೀರಿ ಅಂತೀರಿ. ಯಾಕೆ?"

ವರದಿಯ ಆ ಪುಟವನ್ನು ಅವರೇ ತೆರೆದು ಓದಿದರು. ಲಾರಿಗಳನ್ನು ಮನೆಗಳ ಬೀದಿಯಿಂದ ಹೊರಕ್ಕೆ ಒಯ್ಯುವ ರಸ್ತೆ. ಆ ರಸ್ತೆಗೂ ಮನೆ, ಶಾಲೆಗಳಿಗೂ ನಡುವೆ ಒತ್ತಾಗಿ ಬೆಳೆಸುವ ಮರಗಳು. ರಸ್ತೆ ಮುಗಿಯುವವರೆಗೆ ಶಾಲೆಯ ಹೊತ್ತಿನಲ್ಲಿ ಬೀದಿಯೊಳಗೆ ಭಾರಿ ವಾಹನಗಳಿಗೆ ತಡೆ ಹಾಕಲು ಶಿಫಾರಸು. ಎಲ್ಲವೂ ಅಚ್ಚಗನ್ನಡದಲ್ಲಿತ್ತು. ಕನ್ನಡ ಎಂ.ಎ. ಪದವೀಧರ ತನ್ನ ಪಾದರಕ್ಷೆಗಳನ್ನು ಅಧ್ಯಯನ ಮಾಡುತ್ತಿದ್ದ.

ಮಾವ ಮಾತ್ರ ಜಗ್ಗಲಿಲ್ಲ. ಪಂಚೆ ಬಿಚ್ಚಿ ಹಾಳೆಗಳನ್ನು ಮೇಜಿನ ಮೇಲಿಟ್ಟರು. "ಬರ್ದಿರೋದು ಚೆಂದಾಗೈತೆ ತಾಯಿ. ಬಳಿದಿರೋದು ಬೇರೆ ಐತಲ್ಲ! ಹಸಿರಿಗೆ ಬೂದು ಬೆರೆಸವ್ರೆ. ನೋಡಿ."

ಅಧಿಕಾರಿಣಿ ಕನ್ನಡಕ ಇಳಿಸಿ ನೋಡಿದರು. ನಗಲಿಲ್ಲ. ಗೋಡೆಗೆ ತೂಗುಹಾಕಿದ್ದ ದೊಡ್ಡ ನಕ್ಷೆಯನ್ನು ತೋರಿಸಿ, "ಮೂಲ ಇದು. ಇದರಲ್ಲಿ ನೋಡಿ ಹೇಳಿ," ಎಂದರು. ಮಾವ ಅದರ ಹತ್ತಿರ ಹೋಗಿ, ಒಮ್ಮೆ ಮೇಲಿನ ಟ್ಯೂಬ್‌ಲೈಟಿನತ್ತ ನೋಡಿ, ಕೈ ಕಟ್ಟಿ ನಿಂತುಬಿಟ್ಟರು.

"ಆಗಕಿಲ್ಲ ತಾಯಿ. ಟ್ಯೂಬ್‌ಲೈಟ್ನಾಗೆ ನಾವು ಬಣ್ಣ ಹೇಳಕಿಲ್ಲ. ಬಿಸ್ಲಿಗೆ ತರ್ಬೇಕು."

ಇದು ನಮ್ಮ ಬೀದಿಯ ಕಟ್ಟಳೆ. ಬಣ್ಣ ಹಾಕುವವರು ದೀಪದ ಬೆಳಕಿನಲ್ಲಿ ಬಣ್ಣದ ಬಗ್ಗೆ ಬಾಯಿ ಬಿಡುವುದಿಲ್ಲ. ಮೋಡ ಕವಿದರೆ ಗಿರಾಕಿಯನ್ನು ನಾಳೆ ಬನ್ನಿ ಎಂದು ಕಳಿಸುತ್ತಾರೆ. ಆದರೆ ಸರ್ಕಾರದ ನಕ್ಷೆಯನ್ನು ಗೋಡೆಯಿಂದ ಇಳಿಸಿ ಬಿಸಿಲಿಗೆ ತನ್ನಿ ಎಂದು ಹೇಳುವ ಎದೆಗಾರಿಕೆ! ಅಮ್ಮ ನನ್ನ ಅಂಗಿಯ ಹಿಂಭಾಗವನ್ನು ಎಳೆದು, "ಏನಾದ್ರೂ ಹೇಳೋ, ಎಲ್ರುನೂ ಆಚೆಗೆ ಕಳುಸ್ತಾರೆ," ಎಂದು ಪಿಸುಗುಟ್ಟಿದರು. ಆಚೆಗೆ ಹೋದೆವು, ನಿಜ. ಆದರೆ ಮುಂದೆ ಹೋದವರು ಆ ಅಧಿಕಾರಿಣಿಯೇ. ನಕ್ಷೆಯ ಒಂದು ತುದಿಯನ್ನು ಅವರು ಹಿಡಿದಿದ್ದರು, ಇನ್ನೊಂದನ್ನು ನಾನು. ಕಚೇರಿಯ ಮುಂದಿನ ಮೆಟ್ಟಿಲ ಮೇಲೆ, ಬೆಳಗಿನ ಹನ್ನೊಂದರ ನಿಚ್ಚಳ ಬಿಸಿಲಿನಲ್ಲಿ, ನಮ್ಮ ಊರಿನ ಮುಂದಿನ ಅಷ್ಟೂ ವರ್ಷಗಳನ್ನು ಒಂದು ಹೊಸ ಸೀರೆಯಂತೆ ಬಿಡಿಸಿ ಹಿಡಿದು ನಿಂತೆವು. ಮಾವ ಪಟ್ಟಿಯನ್ನು ನೋಡಿದರು, ಅದೇ ಹಾಳೆಯ ಮೂಲೆಯಲ್ಲಿದ್ದ ವಿವರದ ಚೌಕವನ್ನು ನೋಡಿದರು, ಮತ್ತೆ ಪಟ್ಟಿಯನ್ನು ನೋಡಿದರು.

"ಎರಡೂ ಗಿಳಿಹಸಿರು," ಎಂದರು ಮೆಲ್ಲಗೆ. "ಒಂದೇ ತೊಟ್ಟೀದು."

ಆಮೇಲೆ ನಯಾಜನ ಎರಡು ಹಾಳೆಗಳನ್ನು ಪಕ್ಕಕ್ಕಿಟ್ಟು ನೋಡಿದರು. ಒಂದು ಖಾಲಿಯಾಗುತ್ತಿದ್ದ ಹಳೆಯ ಡಬ್ಬಿಯದು, ಇನ್ನೊಂದು ಹೊಸದು. ಎರಡು ದಿನ, ಎರಡು ಹಸಿರು. ನಾನು ಅದನ್ನು ವಿವರಿಸಿದಾಗ ಅವರಿಗೆ ಮುಖಭಂಗವಾಗುತ್ತದೆಂದು ಹೆದರಿದ್ದೆ. ಆಗಲಿಲ್ಲ. "ನೋಡ್ದಾ? ನನ್ ಕಣ್ಣು ಸುಳ್ಳು ಹೇಳಿಲ್ಲ. ಎರಡು ಬೇರೆ ಅಂದೆ, ಬೇರೇನೇ ಅವೆ. ಯಾಕೆ ಬೇರೆ ಅಂತ ಓದಿ ಹೇಳ್ಬೇಕಾಗಿದ್ದೋನು ನೀನು," ಎಂದರು. ಬೀದಿಯ ಹತ್ತು ಬೆರಳುಗಳು ಎರಡನೆಯ ಬಾರಿ ನನ್ನ ಕಡೆ ತಿರುಗಿದವು.

ಅಧಿಕಾರಿಣಿ ಆಗ ನಕ್ಕರು. ನಕ್ಕ ಮೇಲೆ ಹೇಳಿದ ಮಾತಿಗೆ ನಮ್ಮ ನಗು ಇಳಿಯಿತು. ಆ ಪಟ್ಟಿಯನ್ನು ಕೈಬಿಡಿ ಎಂದು ಇನ್ನೊಂದು ಅರ್ಜಿಯೂ ಬಂದಿತ್ತು. ಅಲ್ಲಿ ಗೋದಾಮು ಕಟ್ಟುವ ಆಸೆಯವರೊಬ್ಬರದು. ನಮ್ಮ ಹನ್ನೊಂದು ಅದರ ಬೆನ್ನಿಗೆ ನಿಂತಿದ್ದರೆ, ಪಕ್ಕದಲ್ಲೇ ವಾಸಿಸುವವರಿಗೂ ಮರ ಬೇಡವಂತೆ ಎಂದು ಅವರ ವಾದ ಗೆಲ್ಲುತ್ತಿತ್ತು. ಲಾರಿಗಳು ಬೀದಿಯ ಮುಂದಿನಿಂದ ಹಿಂದಕ್ಕೆ ಹೋಗುತ್ತಿದ್ದವು, ಅಷ್ಟೇ. ಧೂಳು ಮುಂಬಾಗಿಲ ಬದಲು ಹಿತ್ತಲ ಬಾಗಿಲಿನಿಂದ ಬರುತ್ತಿತ್ತು. "ಇವತ್ತು ಸಂಜೆ ಒಳಗೆ ತಿದ್ದಿ ಕೊಡಿ. ನಾನು ಇರ್ತೀನಿ," ಎಂದರು.

ಕಚೇರಿಯ ಜಗಲಿಯ ಮೇಲೆ ಕೂತು ಮತ್ತೆ ಹನ್ನೊಂದು ಅರ್ಜಿ ಬರೆದೆ. ಈ ಬಾರಿ ಯಾರೂ ನನ್ನನ್ನು ನಂಬಲಿಲ್ಲ. "ನಿನ್ ನಾಟ್ಕ ಬೇಡ, ನಾನು ಹೇಳ್ದಂಗೆ ಬರಿ," ಎಂದು ಒಬ್ಬೊಬ್ಬರೂ ತಾವೇ ಹೇಳಿ ಬರೆಸಿದರು. ಇತರರ ದನಿಯಲ್ಲಿ ಮಾತಾಡುವುದನ್ನೇ ಕಸುಬು ಮಾಡಿಕೊಂಡಿದ್ದ ನಾನು, ಅವರ ಎದುರು ಬಾಯಿ ಮುಚ್ಚಿ ಕೂತು ಅವರ ದನಿಯನ್ನು ಕೇಳಿದ್ದು ಬಹುಶಃ ಅದೇ ಮೊದಲು. ಮಾವ ಬರೆಸಿದ್ದು ಎರಡೇ ಸಾಲು: "ಮುಂಚೆ ಬರೆದದ್ದೆಲ್ಲ ನಮ್ಮ ಮಾತೇ. ಕೊನೆಯ ಸಾಲು ಮಾತ್ರ ನಮ್ಮದಲ್ಲ, ಅದನ್ನು ತೆಗೆದು ಮರ ಉಳಿಸಿಕೊಡಿ." ನನ್ನ ಎಂ.ಎ. ಪೂರ್ತಿ ಮಾರಿದರೂ ಅಂಥ ಒಂದು ವಾಕ್ಯ ಬಾರದು.

ಮುಂದಿನ ವಾರ ಆ ಅಧಿಕಾರಿಣಿ ಸ್ಥಳ ಪರಿಶೀಲನೆಗೆಂದು ಬೀದಿಗೇ ಬಂದರು. ಮಾವ ಬೆಳಿಗ್ಗೆಯೇ ಒಂದು ಬಿಳಿ ಲಡಿಯನ್ನು ಬೀದಿಯ ಕಡೆಗೂ, ಇನ್ನೊಂದನ್ನು ಹೊಂಗೆ ಮರಗಳ ಹಿಂದೆಯೂ ತೂಗುಹಾಕಿದ್ದರು. ಸಂಜೆ ಎರಡನ್ನೂ ಬಿಸಿಲು ಇಳಿಯುವ ಮುನ್ನ ಅವರ ಕೈಗಿತ್ತರು. ಒಂದು ಗೋಧಿಬಣ್ಣಕ್ಕೆ ತಿರುಗಿತ್ತು. ಇನ್ನೊಂದು ಹೆಚ್ಚುಕಡಿಮೆ ಬಿಳಿಯಾಗಿಯೇ ಇತ್ತು. "ಇದು ಯಂತ್ರದ ಅಳತೆ ಅಲ್ಲ, ಕಡತಕ್ಕೆ ಸೇರಿಸೋಕೆ ಬರಲ್ಲ," ಎಂದರು ಅವರು. ಹೋಗುವಾಗ, "ನನ್ನ ಕಣ್ಣಿಗಂತೂ ಸೇರಿತು," ಎಂದರು.

ನೋಡಿ, ಗಾಳಿ ಎಂದರೆ ಆಕಾಶದ ಸಂಗತಿ, ಅದರ ಯೋಗಕ್ಷೇಮ ಮಳೆಗೋ ದೇವರಿಗೋ ಬಿಟ್ಟದ್ದು ಎಂದೇ ನಾನು ನಂಬಿದ್ದೆ. ಆ ಇಟ್ಟಿಗೆ ಗಾತ್ರದ ವರದಿಯನ್ನು ಕೊನೆಗೂ, ಪ್ರಾಯಶ್ಚಿತ್ತಾರ್ಥವಾಗಿ, ಮೊದಲಿನಿಂದ ಕೊನೆಯವರೆಗೆ ಓದಿದ ಮೇಲೆ ತಿಳಿಯಿತು: ಗಾಳಿ ಬಹುಪಾಲು ನೆಲದ ಸಂಗತಿ. ಹಾಲಿನ ಅಂಗಡಿ ನಡೆದು ಹೋಗುವಷ್ಟು ಹತ್ತಿರವಿದ್ದರೆ ಒಂದು ಸ್ಕೂಟರು ಮನೆಯಲ್ಲೇ ಉಳಿಯುತ್ತದೆ. ರಸ್ತೆಯ ಅಂಚಿಗೆ ಕಲ್ಲು ಹಾಸಿದರೆ ಮಣ್ಣು ಮೇಲೇಳುವುದಿಲ್ಲ. ಬಸ್ಸು ನಂಬುವಂತೆ ಬಂದರೆ ನಾಲ್ಕು ಜನ ನಾಲ್ಕು ಬೈಕು ಹತ್ತುವುದಿಲ್ಲ. ಶಾಲೆಯನ್ನು ಹೆದ್ದಾರಿಯ ಮಗ್ಗುಲಲ್ಲಿ ಕಟ್ಟದಿದ್ದರೆ ಮಕ್ಕಳು ಕಿಟಕಿ ತೆರೆದು ಪಾಠ ಕೇಳುತ್ತಾರೆ, ಅಥವಾ ಕನಿಷ್ಠ ಕಿಟಕಿ ತೆರೆದು ನಿದ್ದೆ ಮಾಡುತ್ತಾರೆ. ನಾನು ಈ ಹೊತ್ತು ಎಳೆದುಕೊಳ್ಳುವ ಉಸಿರಿನ ಬಣ್ಣವನ್ನು, ನಾನು ಕಂಡಿಲ್ಲದ ಯಾರೋ ಒಬ್ಬರು, ಯಾವುದೋ ಮೇಜಿನ ಮೇಲೆ ಬಗ್ಗಿ, ಒಂದು ಗೆರೆಯನ್ನು ಇತ್ತ ಎಳೆಯಲೇ ಅತ್ತ ಎಳೆಯಲೇ ಎಂದು ಯೋಚಿಸಿದಾಗಲೇ ನಿರ್ಧರಿಸಿರುತ್ತಾರೆ. ಅವರು ನಮ್ಮ ಬೀದಿಗೆ ಬಂದಿದ್ದರೋ ಇಲ್ಲವೋ. ರತ್ನಮ್ಮನ ಕೆಮ್ಮನ್ನಂತೂ ಕೇಳಿರಲಾರರು. ಆದರೂ ರಸ್ತೆಗೂ ಆಕೆಯ ಮಗ್ಗದ ಮನೆಗೂ ನಡುವೆ ಒಂದು ಪಟ್ಟಿ ಜಾಗ ಬಿಟ್ಟು, ಅದರೊಳಗೆ ಗಿಳಿಹಸಿರು ತುಂಬಿದರು. ನಾವು ಅದನ್ನು ಅಳಿಸಿ ಎಂದು ಬರೆದುಕೊಟ್ಟೆವು. ಆಗಲೂ, ಕೊನೆಯ ಸಾಲಿಗಿಂತ ಮೇಲಿನ ಸಾಲುಗಳನ್ನೂ ಓದುವ ತಾಳ್ಮೆಯಿದ್ದ ಇನ್ನೊಬ್ಬರು ಸಿಕ್ಕರು. ಸರ್ಕಾರಿ ಕಚೇರಿಗಳನ್ನು ಅಣಕಿಸಿ ನಾನು ಗಳಿಸಿದ ಚಪ್ಪಾಳೆಗಳಲ್ಲಿ ಅರ್ಧವನ್ನು ಇವರಿಬ್ಬರಿಗೆ ಹಿಂದಿರುಗಿಸಬೇಕೆನಿಸುತ್ತದೆ. ಉಳಿದರ್ಧ ನನಗಿರಲಿ, ಎಲ್ಲ ಕಚೇರಿಗಳಲ್ಲೂ ಅವರೇ ಇರುವುದಿಲ್ಲ.

ಅಂತಿಮ ಯೋಜನೆಯಲ್ಲಿ ಪಟ್ಟಿ ಉಳಿಯಿತು. ಹೊಸ ರಸ್ತೆಯ ಕೆಲಸ ಇನ್ನೂ ನಡೆದಿದೆ, ಆದರೆ ಶಾಲೆಯ ಹೊತ್ತಿನಲ್ಲಿ ಲಾರಿಗಳು ನಮ್ಮ ಬೀದಿಗೆ ಬರುವುದು ನಿಂತಿದೆ. ಬೀಳಿನಲ್ಲಿ ಹೊಂಗೆ, ಬೇವಿನ ಸಸಿಗಳನ್ನು ನೆಟ್ಟಿದ್ದಾರೆ. ಅವು ಈಗ ನನ್ನ ಮೊಣಕಾಲಿನೆತ್ತರ ಇವೆ, ಶಾಲೆಯ ಮಕ್ಕಳು ಸರದಿಯ ಮೇಲೆ ನೀರು ಹಾಕುತ್ತಾರೆ, ಅಮ್ಮ ಅವುಗಳ ಎಲೆಗಳನ್ನೂ ಒರೆಸಲು ಹೊರಟಾಗ ಕಷ್ಟಪಟ್ಟು ತಡೆದಿದ್ದೇನೆ. ಸ್ಕೂಟರನ್ನು ಪೇಟೆಗೆ ಮಾತ್ರ ತೆಗೆಯುತ್ತೇನೆ, ಶಾಲೆಗೆ ನಡೆದೇ ಹೋಗುತ್ತೇನೆ. ಅಮ್ಮನ ಅರ್ಜಿಯಲ್ಲಿದ್ದ ಆ ಒಂದು ದೂರನ್ನು ಇತ್ಯರ್ಥಪಡಿಸುವ ಅಧಿಕಾರವಾದರೂ ನನಗಿತ್ತಲ್ಲ.

ನಿನ್ನೆ ಸಂಜೆ ಪೇಟೆಯಿಂದ ಬಂದವನು ಎಂದಿನಂತೆ ಮನೆಯ ಮುಂದೆ ನಿಂತು, ಮುಖ ಒರೆಸಿ, ಕರವಸ್ತ್ರವನ್ನು ಬಿಡಿಸಿ ಹಿಡಿದೆ. ಅದೇ ಹಣೆಯ ಪಟ್ಟೆ, ಅದೇ ಕೆನ್ನೆಯ ಮಸುಕು, ಅದೇ ಎರಡು ಚುಕ್ಕೆ. ನನ್ನ ಕಣ್ಣಿಗೆ ಏನೂ ಬದಲಾಗಿರಲಿಲ್ಲ. ಮುನಿಕೃಷ್ಣಪ್ಪ ಮಾವ ಎದುರುಮನೆಯಿಂದ ಇಳಿದು ಬಂದು ಅದನ್ನು ಕಿತ್ತುಕೊಂಡರು. ಇಳಿಬಿಸಿಲಿಗೆ ಹಿಡಿದು, ತಲೆಯನ್ನು ಎಡಕ್ಕೂ ಬಲಕ್ಕೂ ವಾಲಿಸಿ, ಬಹಳ ಹೊತ್ತು ನೋಡಿದರು.

"ಮೂರು," ಎಂದರು. "ಒಂದು ಮುಳುಗು ಕಮ್ಮಿ ಆಗೈತೆ."

ಮೊಣಕಾಲೆತ್ತರದ ಸಸಿಗಳು ಇಷ್ಟು ಬೇಗ ಅಷ್ಟು ಕೆಲಸ ಮಾಡಲಾರವು ಎಂದು ನನಗೆ ಗೊತ್ತು. ಲಾರಿಗಳು ನಾಲ್ಕಾರು ಗಂಟೆ ಬಾರದಿದ್ದ ಮಾತ್ರಕ್ಕೆ ಬಣ್ಣ ಒಂದು ಮೆಟ್ಟಿಲು ಹತ್ತುತ್ತದೆಯೋ ಇಲ್ಲವೋ, ಅದೂ ಗೊತ್ತಿಲ್ಲ. ಆದರೆ ಆ ಕಣ್ಣು ಎರಡು ಹಸಿರುಗಳನ್ನು ಬೇರೆ ಎಂದಾಗ ನಾನು ಮರುಮಾತಿಲ್ಲದೆ ನಂಬಿದ್ದವನು. ಈಗ ಒಂದು ಮುಳುಗು ಕಮ್ಮಿ ಎಂದಾಗ ನಂಬದಿರಲು ನನಗೇನು ದಾಡಿ? ಕರವಸ್ತ್ರವನ್ನು ಅವರ ಕೈಯಿಂದ ತೆಗೆದುಕೊಂಡು, ಮತ್ತೊಮ್ಮೆ ನೋಡದೆ, ಸಭ್ಯರು ಮಡಿಸುವಂತೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡೆ.